ಮೂರು ಚುಕ್ಕಿ ನುಂಗಿದ್ದು

ಮನೆ, ಮಹಡಿಯ ಕೋಣೆ
ಗುರುವಾರ, ಏಳನೇ ತಾರೀಖು, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಮಾವ,

ನಿಮ್ಮ ಸೊಸೆಯ ನಮಸ್ಕಾರ. ಹೇಗಿದ್ದೀರಿ? ಹರ್ನಿಯಾದ ನೋವು ಮತ್ತೆ ಜಾಸ್ತಿಯಾಗಿದೆಯಂತೆ, ಮೆಟ್ಟಿಲು ಹತ್ತುವಾಗ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಹತ್ತುತ್ತೀರಂತೆ. ಅತ್ತಿಗೆ ಹೇಳಿದರು. ಇನ್ನೂ ಕೆಲವು ವಿಷಯ ಹೇಳಿದರು. ಬೆಳಿಗ್ಗೆ ಪೇಪರ್ ಬಂದರೆ ಮಡಿಕೆ ಬಿಚ್ಚದೆ ಹಾಗೇ ಟೀಪಾಯಿಯ ಮೇಲೆ ಇಟ್ಟುಬಿಡುತ್ತೀರಂತೆ. ಆಪರೇಷನ್ನಿನ ಮಾತೆತ್ತಿದರೆ, "ಒಂದು ಸಾಲು ನೆಟ್ಟಗೆ ಓದೋಕೆ ಬಾರದವನಿಗೆ ರಿಪೇರಿ ಯಾಕೆ" ಎಂದಿರಂತೆ. ಬರುವ ಸೋಮವಾರ ಮರೆವಿನ ಡಾಕ್ಟರ ಹತ್ತಿರ ಹೋಗುವುದಕ್ಕೂ ಒಪ್ಪಿದ್ದೀರಂತೆ. ನಿಮ್ಮ ಮಗಳು ಇದನ್ನು ಸಮಾಧಾನದಿಂದಲೇ ಹೇಳಿದರು, ಅಪ್ಪ ಈಗ ಹಟ ಮಾಡುವುದಿಲ್ಲ ಎಂದು. ನನಗೆ ಸಮಾಧಾನವಾಗಲಿಲ್ಲ.

ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಮಗನಿಗೆ ನೆಗಡಿ ಹಿಡಿದು ಬಿಟ್ಟಿತು. ಪುಟ್ಟಿ ಮುಂದಿನ ಎರಡು ಹಲ್ಲು ಕಳೆದುಕೊಂಡಿದ್ದಾಳೆ. "ತಾತನಿಗೂ ಇಲ್ಲ, ನನಗೂ ಇಲ್ಲ, ಲೆಕ್ಕ ಸರಿಹೋಯ್ತು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ನಿಮ್ಮ ಕೋಣೆಯ ಫ್ಯಾನಿನ ಕಿರುಗುಟ್ಟುವಿಕೆ ಹಾಗೇ ಇದೆ. ನೀವಿಲ್ಲದೆ ಅದಕ್ಕೆ ಕೈ ಹಾಕಲು ಯಾರಿಗೂ ಧೈರ್ಯವಿಲ್ಲ.

ಫೋನ್ ಮಾಡದೆ ಪತ್ರ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮಗಳ ಮನೆಗೆ ಹೊರಡುವಾಗ ನಿಮ್ಮ ಫೋನನ್ನು ನೀವು ಇಲ್ಲೇ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದೀರಿ. ಅತ್ತಿಗೆಯ ಫೋನಿಗೆ ಮಾಡಿದರೆ "ಆಯ್ತಮ್ಮ, ಸರಿಯಮ್ಮ" ಎಂದು ಎರಡೇ ಮಾತಿಗೆ ಅವರ ಕೈಗೆ ಕೊಟ್ಟುಬಿಡುತ್ತೀರಿ. ಮೇಲಾಗಿ ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದವರು ನೀವು. ಬಾಯಿಮಾತು ಬೇಡ, ಬರೆದು ಕೊಡಿ ಎನ್ನುವವರು. ಬರೆದು ಕೊಡುತ್ತಿದ್ದೇನೆ. ಮೊದಲಿಗೇ ಒಂದು ಮಾತು: ಐದು ತಿಂಗಳ ಹಿಂದಿನ ಆ ಮಾತ್ರೆಯ ವಿಷಯದಲ್ಲಿ ತಪ್ಪು ನಿಮ್ಮದಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ. ಹೇಗೆ ಎಂದು ಕ್ರಮವಾಗಿ ಹೇಳದಿದ್ದರೆ ನೀವು ನಂಬುವುದಿಲ್ಲ, ಅದಕ್ಕೇ ಕ್ರಮವಾಗಿ ಹೇಳುತ್ತೇನೆ. ನಡುವೆ ಅಕ್ಷರ ಸೊಟ್ಟಗಾದರೆ ಕ್ಷಮಿಸಿ.

ನೀವು ಇಲ್ಲಿದ್ದಾಗಲೇ ನಾನೊಬ್ಬ ಗುರುವನ್ನು ಹುಡುಕುತ್ತಿದ್ದೆ, ನೆನಪಿದೆಯಲ್ಲ. ವೆಬ್‌ಸೈಟು ಮಾಡುವ ಈ ಕೆಲಸವನ್ನು ನಾನು ಯಾರ ಕೈಕೆಳಗೂ ಕಲಿತವಳಲ್ಲ. ವೀಡಿಯೊ ನೋಡಿ, ಬೇರೆಯವರ ಪುಟ ಬಿಚ್ಚಿ ನೋಡಿ, ಕೆಡಿಸಿ ಕಟ್ಟಿ ಕಲಿತದ್ದು. ಈ ಕೋಣೆಯಲ್ಲಿ ಪುಟದ ಅಂದ ಗೀಚುವವಳೂ ನಾನೇ, ಕೋಡ್ ಬರೆಯುವವಳೂ ನಾನೇ, ಕೊನೆಗೆ ಭೇಷ್ ಅನ್ನುವವಳೂ ನಾನೇ. "ನಮ್ಮ ಸೊಸೆ ಗೋಡೆ ಇಲ್ಲದ ಅಂಗಡಿಗೆ ಬೋರ್ಡು ಬರೀತಾಳೆ" ಎಂದು ನೀವು ಪಕ್ಕದ ಮನೆಯವರಿಗೆ ಹೇಳುತ್ತಿದ್ದಿರಿ. ಆರು ವರ್ಷವಾಯಿತು, ನನ್ನ ಕೆಲಸವನ್ನು ನೋಡಿ ಇದು ತಪ್ಪು ಎನ್ನಬಲ್ಲವರು ಒಬ್ಬರಾದರೂ ಬೇಕು ಎನ್ನಿಸಿತ್ತು. ಮೊದಲು ಸಿಕ್ಕ ಗುರು ಒಂದು ಗಂಟೆ ವೀಡಿಯೊದಲ್ಲಿ ಕೂತು "ನಿಮ್ಮೊಳಗಿನ ಬೆಂಕಿ ಹೊತ್ತಿಸಿ" ಎಂದು ಹೇಳಿದರು. ನೀವು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡು, "ಬೆಂಕಿಗಿಂತ ಮುಂಚೆ ವೈರಿಂಗ್ ನೋಡ್ಬೇಕು ಅಂತ ಹೇಳಮ್ಮ ಅವರಿಗೆ" ಎಂದಿರಿ. ಎರಡನೆಯವರು ನಾನೇನು ಕಳಿಸಿದರೂ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಪರೀಕ್ಷೆಗೆಂದು ಒಮ್ಮೆ ಖಾಲಿ ಪುಟ ಕಳಿಸಿದೆ. ಹೆಬ್ಬೆರಳು ಬಂತು.

ಮೂರನೆಯವರು ಸಿಕ್ಕಿದ್ದು ನೀವು ಹೋದ ಮೇಲೆ, ಬಸ್ ನಿಲ್ದಾಣದಲ್ಲಿ. ನಮ್ಮ ನಿಲ್ದಾಣದ ಬಸ್ಸುಗಳ ವೇಳೆ ತೋರಿಸುವ ಒಂದು ಪುಟವಿದೆ. ಬಿಳಿಯ ಮೇಲೆ ಕಪ್ಪು ಅಕ್ಷರ, ಅಷ್ಟೆ. ಚಿತ್ರವಿಲ್ಲ, ಬಣ್ಣವಿಲ್ಲ, ಸುಣ್ಣ ಬಳಿದು ಬಿಟ್ಟ ಗೋಡೆಯ ಹಾಗಿದೆ. ನಾನು ಅದನ್ನು ನೋಡಿ ಎಷ್ಟೋ ಸಲ ನಕ್ಕಿದ್ದೆ. ಕಳೆದ ತಿಂಗಳು ಫೋನಿನ ಸಿಗ್ನಲ್ ಸತ್ತುಹೋದ ಒಂದು ಮೂಲೆಯಲ್ಲಿ ನಿಂತಿದ್ದಾಗ, ನನ್ನ ಫೋನಿನಲ್ಲಿ ಬೇರೆ ಏನೂ ತೆರೆಯಲಿಲ್ಲ, ಆ ಪುಟ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ಮನೆಗೆ ಬಂದು ಅದರ ಕೋಡ್ ಬಿಚ್ಚಿ ನೋಡಿದೆ. ಮಾವ, ನನ್ನ ನಗು ನಿಂತುಹೋಯಿತು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪಾತ್ರೆ ತೊಳೆದು ಬೋರಲು ಹಾಕಿದ ಅಡುಗೆಮನೆಯ ಹಾಗಿತ್ತು. ಇದನ್ನು ಬರೆದವರು ಯಾರು ಎಂದು ವಿಚಾರಿಸಿಕೊಂಡು ಹೋದೆ.

ಡಿಪೋದ ಕ್ಯಾಂಟೀನಿನ ಮೇಲೆ, ಟಯರು ರಾಶಿ ಹಾಕಿದ ಓಣಿಯ ತುದಿಯಲ್ಲಿ ಅವರ ಕೋಣೆ. ಐವತ್ತೈದರ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಕಂಡಕ್ಟರುಗಳೆಲ್ಲ ಅವರನ್ನು ಟೈಮ್‌ಟೇಬಲ್ ಅಕ್ಕ ಅನ್ನುತ್ತಾರೆ, ನಾನೂ ಈಗ ಹಾಗೇ ಅನ್ನುತ್ತೇನೆ. ನನಗೆ ಕಲಿಸಿ ಎಂದು ಕೇಳಿದೆ. "ನನಗೆ ಶಿಷ್ಯರು ಬೇಡಮ್ಮ, ಬಸ್ ತಪ್ಪಿಸಿಕೊಂಡು ಬಂದು ಬೈಯೋರೇ ಬೇಕಾದಷ್ಟಿದ್ದಾರೆ" ಎಂದರು. ಮೂರು ಸಲ ಹೋದೆ. ಮೂರನೆಯ ಸಲ, ನೀನು ಮಾಡಿದ್ದರಲ್ಲಿ ನಿನಗೆ ಎಲ್ಲಕ್ಕಿಂತ ಹೆಮ್ಮೆಯದು ಯಾವುದು ತೋರಿಸು ಎಂದರು. ನಾನು ಆಸ್ಪತ್ರೆಯ ಪುಟ ತೋರಿಸಿದೆ.

ಅದೇ ಪುಟ, ಮಾವ. ಆಪರೇಷನ್ನಿಗೆ ಬರುವವರು ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುವ ಪುಟ. ಒಂದೊಂದು ಸೂಚನೆಗೂ ತಿಳಿಹಸಿರಿನ ಒಂದೊಂದು ಚೌಕ. ಎಲ್ಲ ಚೌಕಗಳೂ ಒಂದೇ ಎತ್ತರ ಇರಲೆಂದು, ಸಾಲು ಉದ್ದವಾದರೆ ಕೊನೆಯನ್ನು ಕತ್ತರಿಸಿ ಮೂರು ಚುಕ್ಕಿ ಇಡುವ ಹಾಗೆ ಮಾಡಿದ್ದೆ. ಬೆರಳಿಟ್ಟರೆ ಚೌಕ ತೆರೆದು ಪೂರ್ತಿ ಕಾಣುತ್ತದೆ. ನನ್ನ ಪರದೆಯಲ್ಲಿ ಯಾವ ಸಾಲೂ ಅಷ್ಟು ಉದ್ದ ಇರಲಿಲ್ಲ, ಒಂದೂ ಕತ್ತರಿಸಿರಲಿಲ್ಲ. ನನ್ನ ಫೋನಿನಲ್ಲೂ ಅಷ್ಟೆ. ಅಕ್ಕ ನನ್ನ ಫೋನಿನಲ್ಲೇ ಅದನ್ನು ನೋಡಿದರು. "ಚೆನ್ನಾಗಿದೆ. ಇದನ್ನ ಓದೋರನ್ನ ನೋಡಿದ್ದೀಯಾ?" ಎಂದರು. ತಿಂಗಳಿಗೆ ಇಷ್ಟು ಸಾವಿರ ಜನ ಎಂದೆ. "ಎಣಿಕೆ ಕೇಳಲಿಲ್ಲ. ನೋಡಿದ್ದೀಯಾ?" ಇಲ್ಲ ಎಂದೆ. ಆಗ ಅವರು ತಮ್ಮ ವಿಷಯ ಹೇಳಿದರು. ದಿನಾ ಬೆಳಿಗ್ಗೆ ಎಂಟೂವರೆಗೆ ಕೆಳಗಿಳಿದು ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ನಿಂತು, ಫೋನ್ ನೋಡುವವರ ಮುಖ ನೋಡುತ್ತಾರಂತೆ. "ಯಾರ ಹುಬ್ಬು ಗಂಟಾಗುತ್ತೋ, ಅಲ್ಲಿ ನನ್ನ ತಪ್ಪಿರುತ್ತೆ." ನಿನಗೂ ಅದೇ ಪಾಠ, ಆಸ್ಪತ್ರೆಗೆ ಹೋಗಿ ಮೂರು ಬೆಳಿಗ್ಗೆ ಕೂತು ಬಾ, ಬಾಯಿ ಬಿಡಬೇಡ, ಕಂಡದ್ದನ್ನು ಬರೆದುಕೋ, ಆಮೇಲೆ ಮಾತಾಡೋಣ ಎಂದರು. ಇದೇನು ಗುರುವೋ, ಆಸ್ಪತ್ರೆಯ ವಾಚ್‌ಮನ್ ಕೆಲಸಕ್ಕೆ ಹಚ್ಚುತ್ತಿದ್ದಾರೋ ಎಂದು ಒಳಗೊಳಗೇ ಅಂದುಕೊಂಡೆ. ಆದರೂ ಹೋದೆ.

ಸೋಮವಾರ ಬೆಳಿಗ್ಗೆ ಆಪರೇಷನ್ ವಿಭಾಗದ ಹೊರಗಿನ ಹಾಲಿನಲ್ಲಿ, ನೀರಿನ ಯಂತ್ರದ ಪಕ್ಕದ ಬೆಂಚಿನಲ್ಲಿ ಕೂತೆ. ನೀವು ಆವತ್ತು ಕೂತದ್ದು ಅದರ ಎದುರಿನ ಸಾಲಿನಲ್ಲಿ. ಒಂಬತ್ತು ಗಂಟೆಗೆ ಒಬ್ಬ ಅಜ್ಜಿ ಬಂದರು. ಎರಡು ಕೈಗೂ ಮೊಣಕೈವರೆಗೆ ಬಳೆ, ಕೊರಳಲ್ಲಿ ಮೂರು ಎಳೆ ಸರ, ಬೆರಳಿಗೆಲ್ಲ ಉಂಗುರ. ಕೌಂಟರಿನ ದೊಡ್ಡ ಸಿಸ್ಟರು ಹಣೆ ಹಣೆ ಚಚ್ಚಿಕೊಂಡು, "ಏನಜ್ಜಿ, ಆಪರೇಷನ್ನಿಗೆ ಬಂದ್ರೋ ಮದುವೆಗೆ ಬಂದ್ರೋ?" ಎಂದರು. ಅಜ್ಜಿ ಅಷ್ಟೇ ಗಟ್ಟಿಯಾಗಿ, "ನೀವೇ ಹಾಕ್ಕೊಂಡು ಬಾ ಅಂದ್ರಲ್ಲವ್ವ, ಇಲ್ಲದೇ ಇದ್ದದ್ದನ್ನ ಸೊಸೆ ಹತ್ತಿರ ಇಸ್ಕೊಂಡು ಬಂದಿದ್ದೀನಿ" ಎಂದರು. ಹಾಲಿಗೆ ಹಾಲೇ ನಕ್ಕಿತು. ನಾನೂ ನಕ್ಕೆ. ನೋಟ್‌ಪುಸ್ತಕ ತೆಗೆದು ಒಂದು ಸಾಲು ಬರೆದುಕೊಂಡೆ: "ಜನ ಓದುವುದಿಲ್ಲ." ಆ ಸಾಲು ಈಗಲೂ ಅಲ್ಲಿದೆ. ಹರಿದು ಹಾಕೋಣ ಎಂದರೆ ಅಕ್ಕ ಬಿಡುತ್ತಿಲ್ಲ.

ಮಂಗಳವಾರ ಹತ್ತು ಗಂಟೆಯ ಹೊತ್ತಿಗೆ ನಿಮ್ಮ ವಯಸ್ಸಿನ ಒಬ್ಬರು ಹೆಂಡತಿಯ ಜೊತೆ ಬಂದರು. ಬಡಗಿ ಇರಬೇಕು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡೇ ಬಂದಿದ್ದರು. ಸಿಸ್ಟರು ರಕ್ತದೊತ್ತಡ ನೋಡಿದರು, ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದರು, ಏನೂ ಹೇಳದೆ ಗಾಲಿಕುರ್ಚಿ ತರಿಸಿದರು. ಆಮೇಲೆ ಅವರ ಹೆಂಡತಿಯ ಕಡೆ ತಿರುಗಿ, "ಮಾತ್ರೆ ಕೊಡ್ತಿದ್ದೀರೋ ಇಲ್ವೋ?" ಎಂದರು. ಆಕೆ, "ನಿಲ್ಲಿಸಿದ್ದೀವಲ್ಲ, ಮೂರು ದಿನದಿಂದ ಒಂದೂ ಕೊಟ್ಟಿಲ್ಲ" ಎಂದು, ಪರೀಕ್ಷೆಯಲ್ಲಿ ಸರಿಯುತ್ತರ ಹೇಳಿದವರ ಹಾಗೆ ಹೇಳಿದರು. "ಯಾರು ಹೇಳಿದ್ದು ನಿಲ್ಲಿಸಿ ಅಂತ?" "ನೀವು ಕಳಿಸಿದ್ದರಲ್ಲೇ ಇದೆಯಲ್ಲ ಸಿಸ್ಟರ್." ಸಿಸ್ಟರು ಅವರ ಮಾತು ಕೇಳಲೇ ಇಲ್ಲ. ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಾ ಪಕ್ಕದವಳಿಗೆ, "ಆರನೆಯವರು ಇವರು. ಓದೋದೇ ಇಲ್ಲ ಈ ಜನ, ಸುಮ್ನೆ ಏನೋ ಊಹೆ ಮಾಡ್ಕೊಂಡು ಬರ್ತಾರೆ" ಎಂದರು.

ನಾನು ಹಿಂದಿನ ದಿನ ಬರೆದುಕೊಂಡ ಮಾತನ್ನೇ ಅವರು ಹೇಳಿದ್ದರು. ಆದರೆ ಆ ಹೆಂಗಸು ಬೆಂಚಿನ ಮೇಲೆ ಕೂತು, ಫೋನನ್ನು ಮಡಿಲಲ್ಲಿಟ್ಟುಕೊಂಡು, ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದರು. ಬಾಯಿ ಬಿಡಬೇಡ ಎಂದು ಅಕ್ಕ ಹೇಳಿದ್ದನ್ನು ಮರೆತು, ತೋರಿಸಿ ಎಂದೆ. ಕೊಟ್ಟರು. ನನ್ನದೇ ಪುಟ. ನನ್ನದೇ ತಿಳಿಹಸಿರು. ಆದರೆ ಅಕ್ಷರಗಳು ದೊಡ್ಡವು, ಕಣ್ಣು ಮಂಜಾದವರು ಮಾಡಿಕೊಳ್ಳುತ್ತಾರಲ್ಲ, ಅಷ್ಟು ದೊಡ್ಡವು. ದೊಡ್ಡ ಅಕ್ಷರಕ್ಕೆ ಜಾಗ ಸಾಲದೆ ನನ್ನ ಚೌಕಗಳೆಲ್ಲ ಸಾಲಿನ ಬಾಲ ಕತ್ತರಿಸಿ ಕೂತಿದ್ದವು. ನಾಲ್ಕನೆಯ ಚೌಕದಲ್ಲಿ ಹೀಗಿತ್ತು:

ಬಿ.ಪಿ. ಮಾತ್ರೆಗಳನ್ನು ನಿಲ್ಲಿಸ…

ಅದರ ಕೆಳಗೆ:

ಬಳೆ, ಸರ, ಉಂಗುರ ಹಾಕಿಕೊಂಡು ಬರ…

ನಿಲ್ಲಿಸಬಾರದು ಎಂದು ಬರೆದದ್ದು, ಮಾವ. ಬರಬಾರದು ಎಂದು ಬರೆದದ್ದು. ಬಾರದು ಎನ್ನುವುದನ್ನು ಮೂರು ಚುಕ್ಕಿ ನುಂಗಿಹಾಕಿತ್ತು. ಆ ಹೆಂಗಸು ನನ್ನ ಮುಖ ನೋಡುತ್ತಾ, "ನಿಲ್ಲಿಸ ಅಂದ್ರೆ ನಿಲ್ಲಿಸಿ ಅಂತಲೇ ಅಲ್ವೇನಮ್ಮ? ಇನ್ನೇನು?" ಎಂದು ಕೇಳಿದರು. ಚೌಕದ ಮೇಲೆ ಬೆರಳಿಟ್ಟರೆ ಪೂರ್ತಿ ತೆರೆಯುತ್ತದೆ ಎಂದು ಹೇಳಬಹುದಿತ್ತು. ಹಾಗೆ ಬೆರಳಿಡಬೇಕೆಂದು ಅವರಿಗೆ ಹೇಳಿದವರು ಯಾರು?

ಆಗ ನೀವು ನೆನಪಾದಿರಿ. ನೆನಪಾದಿರಿ ಅಂದರೆ ಸರಿಯಾಗದು. ನೀವು ಎದುರಿನ ಸಾಲಿನಲ್ಲಿ ಕೂತಿದ್ದದ್ದು ಕಣ್ಣಿಗೆ ಕಂಡಿತು. ನಿಮ್ಮ ಆಪರೇಷನ್ನಿನ ದಿನವೂ ಹೀಗೇ ಆಯಿತಲ್ಲ. ಒತ್ತಡ ಏರಿ, ಡಾಕ್ಟರು ಎಲ್ಲರೆದುರು ಕೂಗಾಡಿ, ದಿನ ರದ್ದಾಗಿ, ವಾಪಸ್ ಬರುವಾಗ ದಾರಿಯುದ್ದಕ್ಕೂ ನೀವು ಒಂದೇ ಮಾತು ಹೇಳಿದಿರಿ: "ಬರೆದಿತ್ತಲ್ಲಮ್ಮ." ಮನೆಗೆ ಬಂದವಳೇ ನಿಮ್ಮನ್ನು ಈ ಮೇಜಿನ ಮುಂದೆ ಕೂರಿಸಿ, ನನ್ನ ದೊಡ್ಡ ಪರದೆಯಲ್ಲಿ ಪುಟ ತೆರೆದು ತೋರಿಸಿದೆ. "ನೋಡಿ ಮಾವ, ನಿಲ್ಲಿಸಬಾರದು ಅಂತಲೇ ಇದೆ. ನಾನೇ ಮಾಡಿದ ಪುಟ, ನನಗೆ ಗೊತ್ತಿಲ್ವಾ?" ನೀವು ಕನ್ನಡಕ ಏರಿಸಿಕೊಂಡು, ಪರದೆಯ ಮೇಲೆ ಬೆರಳಾಡಿಸಿ ಎರಡು ಸಲ ಓದಿದಿರಿ. "ಹೌದಲ್ಲ. ಇದೆ" ಎಂದಿರಿ. ಕನ್ನಡಕ ತೆಗೆದು ಮಡಿಸಿದಿರಿ. "ಹಾಗಾದ್ರೆ ನನ್ನ ತಲೇಲೇ ಏನೋ ಆಗಿದೆ" ಎಂದಿರಿ. ಮಾರನೆಯ ದಿನ ಮಾತ್ರೆಯ ಡಬ್ಬಿ ತಂದು ನನ್ನ ಕೈಗೆ ಕೊಟ್ಟಿರಿ, ಇನ್ನು ನೀನೇ ಎಣಿಸಿ ಕೊಡು ಎಂದು. ನಾನು ತೆಗೆದುಕೊಂಡೆ. ನಿಮ್ಮ ಫೋನಿನಲ್ಲಿ ಒಮ್ಮೆ ನೋಡೋಣ ಎಂದು ನನಗೆ ಹೊಳೆಯಲಿಲ್ಲ. ಅದರಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟವಳು ನಾನೇ, ಮಾವ. ಕಳೆದ ವರ್ಷ, ನೀವು ಕೇಳಿದ್ದಕ್ಕೆ.

ಮೂವತ್ತೊಂದು ವರ್ಷದಲ್ಲಿ ಒಂದು ಮೀಟರನ್ನೂ ತಪ್ಪು ಓದದ ಮನುಷ್ಯನಿಗೆ, ನಿಮಗೆ ಓದಲು ಬರುವುದಿಲ್ಲ ಎಂದು ಸಾಕ್ಷಿ ಸಮೇತ ತೋರಿಸಿಕೊಟ್ಟೆ ನಾನು.

ಇನ್ನು ಮುಂದಿನದು ನನಗೆ ಮಾನ ತರುವ ವಿಷಯವಲ್ಲ, ಆದರೂ ಬರೆಯುತ್ತೇನೆ. ಕೌಂಟರಿಗೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಆ ಹೆಂಗಸಿಗೆ ಅವರ ಫೋನು ವಾಪಸ್ ಕೊಟ್ಟು, ಮೆಟ್ಟಿಲ ಹತ್ತಿರ ಹೋಗಿ ಗೋಡೆಗೊರಗಿ ಕೂತು, ನನ್ನ ಫೋನಿನಿಂದಲೇ ಕೋಡಿನ ಆ ಒಂದು ಸಾಲು ಅಳಿಸಿದೆ. ನಾಲ್ಕು ನಿಮಿಷದ ಕೆಲಸ. ಅಕ್ಷರ ದೊಡ್ಡದು ಮಾಡಿಕೊಂಡು ಮತ್ತೆ ನೋಡಿದೆ: ಚೌಕಗಳು ಒಂದು ಗಿಡ್ಡ ಒಂದು ಉದ್ದ ಆಗಿ, ಮಾತು ಪೂರ್ತಿ ಕಾಣುತ್ತಿತ್ತು. ಯಾರಿಗೂ ತಿಳಿಯಲಿಲ್ಲ. ಕಳ್ಳ ಬೆಕ್ಕಿನ ಹಾಗೆ ಹಿಂದಿನ ಬಾಗಿಲಿನಿಂದ ಹೊರಬಿದ್ದು, ನೆಟ್ಟಗೆ ಡಿಪೋಗೆ ನಡೆದೆ. ಅಲ್ಲಿಗೆ ಯಾಕೆ ಹೋದೆ ಎಂದರೆ, ಯಾರಾದರೂ ಪರವಾಗಿಲ್ಲ ಅನ್ನಲಿ ಎಂದು. ಬೇರೆ ಕಾರಣವಿಲ್ಲ.

ಅಕ್ಕ ಪೂರ್ತಿ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ಮುಖದ ಬಣ್ಣವೂ ಇಳಿಯಿತು. "ನಿನ್ನ ಫೋನಲ್ಲಿ ನೋಡಿ ನಾನೂ ಚೆನ್ನಾಗಿದೆ ಅಂದೆನಲ್ಲೇ" ಎಂದು ಕನ್ನಡಕ ತೆಗೆದು ಕೊರಳಿಗೆ ಇಳಿಬಿಟ್ಟರು. ಆಮೇಲೆ, "ನಮ್ಮ ಮಾತಲ್ಲಿ ಬೇಡ ಅನ್ನೋದು ಬಾಲದಲ್ಲಿರುತ್ತೆ ಕಣೇ. ಬಾಲ ಕತ್ತರಿಸಿಬಿಟ್ರೆ ನಾಯಿ ಮುದ್ದು ಮಾಡೋಕೆ ಬಂತೋ ಕಚ್ಚೋಕೆ ಬಂತೋ ಹೇಗೆ ಗೊತ್ತಾಗಬೇಕು?" ಎಂದರು. ನಾನು ಸರಿಮಾಡಿದೆ ಎಂದೆ. "ಯಾರಿಗೆ ಹೇಳಿದೆ?" ಯಾರಿಗೂ ಇಲ್ಲ ಎಂದೆ. "ಹಾಗಾದ್ರೆ ಸರಿಮಾಡಿಲ್ಲ. ಮುಚ್ಚಿದ್ದೀಯ." ಇಷ್ಟು ಹೇಳಿ ಅವರು ಮೇಜಿನ ಖಾನೆಯಿಂದ ಒಂದು ಹಳೆಯ ಪತ್ರ ತೆಗೆದು ಮುಂದಿಟ್ಟರು. ಹತ್ತೊಂಬತ್ತು ವರ್ಷದ ಹಿಂದೆ ಕೊನೆಯ ಬಸ್ಸಿನ ವೇಳೆಯನ್ನು ಅವರು ಹತ್ತು ನಿಮಿಷ ತಪ್ಪಾಗಿ ಹಾಕಿದ್ದರಂತೆ. ಕೈಕೂಸಿನ ತಾಯಿಯೊಬ್ಬಳು ಬೆಳಗಾಗುವವರೆಗೆ ನಿಲ್ದಾಣದಲ್ಲಿ ಕೂತಿದ್ದು ಬರೆದ ದೂರು ಅದು. ಆಗ ಡಿಪೋದವರು ಆಕೆಗೆ, ನೀವೇ ತಪ್ಪು ನೋಡಿದ್ದೀರಿ ಎಂದು ಉತ್ತರ ಕೊಟ್ಟರಂತೆ. ಅಕ್ಕ ಸುಮ್ಮನಿದ್ದರಂತೆ. ಒಂದು ವಾರ ಸುಮ್ಮನಿದ್ದು, ಆಮೇಲೆ ವಿಳಾಸ ಹುಡುಕಿಕೊಂಡು ಆಕೆಯ ಮನೆಗೆ ಹೋದರಂತೆ. ಅಲ್ಲಿ ಏನಾಯಿತು ಎಂದು ಹೇಳಲಿಲ್ಲ. "ನಿನ್ನ ಗುರು ಆಗೋದು ಬಿಡೋದು ಆಮೇಲಿನ ಮಾತು. ನಾಳೆ ಕೌಂಟರಿಗೆ ಹೋಗಿ, ಏನು ಕತ್ತರಿಸಿದೆ, ಎಂದಿನಿಂದ ಕತ್ತರಿಸಿದೆ, ಹೇಳಿ ಬಾ. ಸಬೂಬು ಹೇಳಬೇಡ. ದೊಡ್ಡ ಅಕ್ಷರ ಅಂತ ಅವರ ಕಣ್ಣಿನ ಮೇಲೆ ಹಾಕಬೇಡ" ಎಂದರು.

ನಿನ್ನೆ ಹೋದೆ. ಕೌಂಟರಿನ ಹಿಂದಿನ ಕೋಣೆಯಲ್ಲಿ ದೊಡ್ಡ ಸಿಸ್ಟರ ಮುಂದೆ ಎರಡು ಫೋನ್ ಇಟ್ಟೆ, ನನ್ನದು ಮತ್ತು ನಿಮ್ಮದು. ನನ್ನ ಹತ್ತಿರ ಉಳಿದಿದ್ದ ಹಳೆಯ ಪುಟದ ಪ್ರತಿಯನ್ನು ಎರಡರಲ್ಲೂ ತೆರೆದು ತೋರಿಸಿದೆ. ಅವರು ನಿಮ್ಮ ಫೋನನ್ನು ಕೈಗೆತ್ತಿಕೊಂಡು ನಾಲ್ಕನೆಯ ಚೌಕ ಓದಿದರು. ಎದ್ದು ಹೋಗಿ ಬಾಗಿಲು ಹಾಕಿದರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಆರು ಜನರಿಗೂ ನಾನು ಬೈದಿದ್ದೀನಲ್ಲೇ" ಎಂದರು. "ಒಬ್ಬರಿಗೆ ಕಿವಿ ಕೇಳಲ್ಲ ಅಂತ ಕೂಗಿ ಕೂಗಿ ಬೈದಿದ್ದೀನಿ." ಆಮೇಲೆ ರಿಜಿಸ್ಟರ್ ತೆಗೆದು ಆರೂ ಜನರ ಹೆಸರು ಗುರುತು ಹಾಕಿದರು. ಮೊದಲನೆಯ ಹೆಸರು ನಿಮ್ಮದು. ಬಡಗಿ ಹುಷಾರಾಗಿದ್ದಾರೆ, ಒತ್ತಡ ಇಳಿದಿದೆ. ಉಳಿದವರಿಗೆ, ಬಳೆಯ ಅಜ್ಜಿಗೂ ಸೇರಿ, ಸಿಸ್ಟರು ತಾವೇ ಫೋನ್ ಮಾಡಿ, ನೀವು ಸರಿಯಾಗೇ ಓದಿದ್ದಿರಿ, ತಪ್ಪು ನಮ್ಮದು ಎಂದು ಹೇಳಿದರು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಒಬ್ಬರು ನಕ್ಕರು. ಇನ್ನೊಬ್ಬರ ಮಗ ಕೆಟ್ಟದಾಗಿ ಬೈದ. ಆ ಬಳೆಯ ಅಜ್ಜಿ ಮಾತ್ರ, "ನನ್ನ ಸೊಸೆಗೂ ಒಂದು ಮಾತು ಹೇಳಿಬಿಡವ್ವ, ಆವತ್ತಿಂದ ಸರ ವಾಪಸ್ ಇಸ್ಕೊಂಡು ನನ್ನ ನೋಡಿ ನಗ್ತಾ ಇದ್ದಾಳೆ" ಎಂದರು. ನಿಮಗೆ ಹೇಳುವುದು ನನ್ನ ಪಾಲಿಗೆ ಬಿಡಿ ಎಂದು ಕೇಳಿಕೊಂಡೆ.

ಪುಟದ ಕೆಲಸ ಇನ್ನು ನನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಆಸ್ಪತ್ರೆಯವರು ನಾಳೆ ಹೇಳುತ್ತಾರೆ. ಉಳಿಯದಿದ್ದರೆ ಅದು ಅವರ ನ್ಯಾಯ. ಅಕ್ಕನಿಗೆ ಹೋಗಿ ಹೇಳಿದ್ದಕ್ಕೆ, "ಸೋಮವಾರ ಎಂಟೂವರೆಗೆ ಪ್ಲಾಟ್‌ಫಾರ್ಮಿಗೆ ಬಾ. ಪೆನ್ನು ತಾ, ಕಂಪ್ಯೂಟರ್ ಬೇಡ" ಎಂದರು. ಅಷ್ಟೇ ಮಾತು. ಗುರು ಸಿಕ್ಕರು ಎಂದು ಕುಣಿಯಬೇಕಿತ್ತು, ಕುಣಿಯುವ ಹಾಗಾಗಲಿಲ್ಲ.

ನಿ‌ನ್ನೆ ಸಂಜೆ ನಿಮ್ಮ ಮಗನಿಗೆ ಎಲ್ಲ ಹೇಳಿದೆ. ಅವರು ಕೇಳಿ, ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. "ಅಪ್ಪನಿಗೆ ಅರಳುಮರುಳು ಅಂತ ನಾನು ಆಫೀಸಿನವರಿಗೆಲ್ಲ ಹೇಳಿಬಿಟ್ಟಿದ್ದೀನಿ" ಎಂದರು. ಬೆಳಿಗ್ಗೆ ಅತ್ತಿಗೆಗೂ ಫೋನ್ ಮಾಡಿದೆವು. ಅವರು ಮೊದಲು ನಂಬಲಿಲ್ಲ, ಆಮೇಲೆ ದನಿ ತಗ್ಗಿಸಿ, "ಹಾಗಾದ್ರೆ ಅಪ್ಪ ಸರಿಯಾಗೇ ಓದಿದ್ರಾ?" ಎಂದು ಕೇಳಿದರು. ಹೌದು ಎಂದೆ. ಪತ್ರ ತಲುಪುವವರೆಗೆ ನಿಮಗೆ ಏನೂ ಹೇಳಬೇಡಿ ಎಂದು ಹೇಳಿದ್ದೇನೆ. ಅವರ ಹೊಟ್ಟೆಯಲ್ಲಿ ಮಾತು ನಿಂತಿದ್ದರೆ ಅದೇ ಒಂದು ಪವಾಡ. ಸೋಮವಾರದ ಡಾಕ್ಟರ ಹತ್ತಿರ ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು. ಈ ಮಾತ್ರೆಯ ಕಾರಣಕ್ಕೆ ಮಾತ್ರ ಹೋಗಬೇಡಿ.

ಕ್ಷಮಿಸಿ ಎಂದು ಬರೆಯಲು ಕೂತರೆ ಆ ಪದ ಸಣ್ಣದಾಗಿ ಕಾಣುತ್ತದೆ. ಡಾಕ್ಟರು ಕೂಗಿದ್ದು ಒಂದು ದಿನದ್ದು. ನಾನು ಪರದೆ ತಿರುಗಿಸಿ ತೋರಿಸಿದ್ದು ಐದು ತಿಂಗಳಿಂದ ನಿಮ್ಮ ಒಳಗೆ ಕೂತಿದೆ. ಅದನ್ನು ನಾನು ಹೇಗೆ ತೆಗೆಯಲಿ, ಗೊತ್ತಿಲ್ಲ. ನೀವು ಬೈದರೆ ಒಳ್ಳೆಯದು. ಅತ್ತಿಗೆಯವರಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸಿ. ಪುಟ್ಟಿ ತನ್ನ ಬಿದ್ದ ಹಲ್ಲಿನ ಚಿತ್ರ ಬರೆದು ಒಳಗಿಟ್ಟಿದ್ದಾಳೆ, ಅದು ಹಲ್ಲೇ, ಬೆಟ್ಟವಲ್ಲ.

ಬೈಗುಳಕ್ಕೂ ಆಶೀರ್ವಾದಕ್ಕೂ ಸಮನಾಗಿ ಕಾದಿರುವ,
ನಿಮ್ಮ ಸೊಸೆ

ಮರೆತೆ. ಈ ಕವರು ಎರಡೂವರೆಯ ಬಸ್ಸಿನ ಕಂಡಕ್ಟರ ಕೈಯಲ್ಲಿ ಬರುತ್ತದೆ, ಅಕ್ಕನ ಏರ್ಪಾಡು. ಬಸ್ಸು ಹೊರಡಲು ಇನ್ನು ಇಪ್ಪತ್ತು ನಿಮಿಷ, ಅದಕ್ಕೇ ಗೀಚುತ್ತಿದ್ದೇನೆ. ಆಸ್ಪತ್ರೆಗೆ ಹೋಗಿ ಬಂದೆ, ದೊಡ್ಡ ಸಿಸ್ಟರು ಈಗ ತಾನೇ ನಿಮ್ಮ ಆಪರೇಷನ್ನಿಗೆ ಹೊಸ ದಿನ ಕೊಟ್ಟರು, ಹತ್ತೊಂಬತ್ತನೇ ತಾರೀಖು, ಬೆಳಿಗ್ಗೆ ಏಳಕ್ಕೆ. ಒಪ್ಪಿಗೆ ಪತ್ರ ಜೊತೆಗಿಟ್ಟಿದ್ದೇನೆ, ನಾಲ್ಕು ಹಾಳೆ. ಕೊನೆಯ ಹಾಳೆಯಲ್ಲಿ "ರೋಗಿಯ ಪರವಾಗಿ ಓದಿ ತಿಳಿದುಕೊಂಡವರು" ಎಂಬ ಕಡೆ ಗುಮಾಸ್ತರು ನಿಮ್ಮ ಮಗನ ಹೆಸರು ತುಂಬಿದ್ದರು. ನಾನು ಅಲ್ಲೇ ನಿಂತು ಅದನ್ನು ಹೊಡೆದುಹಾಕಿಸಿದೆ. ರೋಗಿಯೇ ಓದುತ್ತಾರೆ, ರೋಗಿಯೇ ಸಹಿ ಹಾಕುತ್ತಾರೆ ಎಂದೆ. ಹಾಕುವುದಾದರೆ ನೀವೇ ಹಾಕಿ. ಆದರೆ ಓದದೆ ಹಾಕಬೇಡಿ. ಎರಡನೆಯ ಹಾಳೆಯಲ್ಲಿ ಒಂದು ತಪ್ಪಿದೆ, ಅವರದ್ದೇ ತಪ್ಪು, ಆಸ್ಪತ್ರೆಯಲ್ಲಿ ಇನ್ನೂ ಯಾರೂ ಕಂಡಿಲ್ಲ. ನನಗೆ ಕಂಡಿದೆ, ಹೇಳುವುದಿಲ್ಲ. ನೀವು ಹುಡುಕಿ, ಕೆಂಪು ಮಸಿಯಲ್ಲಿ ಗುರುತು ಹಾಕಿ, ಅದೇ ಕಂಡಕ್ಟರ ಕೈಯಲ್ಲಿ ವಾಪಸ್ ಕಳಿಸಿ. ಅವನು ನಾಳೆ ಬೆಳಿಗ್ಗೆ ಎಂಟಕ್ಕೆ ನಿಮ್ಮ ಬಾಗಿಲಿಗೆ ಬರುತ್ತಾನೆ.